ಸಭೆಯಲ್ಲಿ ಅಕ್ಕ ಅಂದವನು

ಆನ್ಸ್-ಓ-ಕೋಕ್, ನ್ಯೂ ಬ್ರನ್ಸ್‌ವಿಕ್
ಏಪ್ರಿಲ್ ೨೪, ಗುರುವಾರ

ಪ್ರೀತಿಯ ರೆಯಾಲ್,

ಹೇಗಿದ್ದೀಯ? ಸೊಂಟನೋವು ಕಮ್ಮಿಯಾಯಿತಾ? ನಾನು ಹೆಣೆದುಕೊಟ್ಟ ಉಣ್ಣೆ ಪಟ್ಟಿ ಕಟ್ಟಿಕೊಂಡು ಗಣಿಗೆ ಇಳಿಯುತ್ತಿದ್ದೀಯೋ, ಕ್ಯಾಂಪಿನಲ್ಲಿ ನಾಲ್ಕು ಜನ ನಗುತ್ತಾರೆ ಅಂತ ಪೆಟ್ಟಿಗೆಯಲ್ಲೇ ಮುಚ್ಚಿಟ್ಟಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ! ನಾನು ಗಟ್ಟಿಯಾಗಿದ್ದೇನೆ. ಕೊಲ್ಲಿಯ ಮಂಜುಗಡ್ಡೆ ಒಡೆದು ಹೋಯಿತು, ಊರೆಲ್ಲ ಮೀನಿನ ಬಲೆ ಹೊರಗೆ ತೆಗೆದಿದ್ದಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ತಮ್ಮನ ಹೆಸರು ಬಂದ ಕೂಡಲೇ ನೀನು ಫೋನ್ ಕುಕ್ಕಿಬಿಡುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು.

ಶಾಲಾ ಮಂಡಳಿಯವರು ಕೊನೆಗೂ ಬಾಯಿ ಬಿಟ್ಟರು. ಬಸ್ ಡ್ರೈವರುಗಳಿಗೂ ಕಸ ಗುಡಿಸುವವರಿಗೂ ಸಂಬಳ ಏರಿಸುತ್ತಾರಂತೆ. ಶಾಲೆಯ ಅಡುಗೆಮನೆಯನ್ನು ಮಾತ್ರ ಹೊರಗಿನ ಕಂಪನಿಗೆ ಕೊಡುತ್ತಾರಂತೆ. ಅಡುಗೆಯವರು ನಾವು ಮೂವರೂ ಮನೆಗೆ! ಊಟ ಡಬ್ಬಿಯಲ್ಲಿ ಬರುತ್ತದೆ, ಬಿಸಿ ಮಾಡಿಕೊಟ್ಟರೆ ಮಕ್ಕಳು ತಿನ್ನುತ್ತವೆ ಅಂತೆ. ಒಂದೇ ಸಂಘದವರು ನಾವು, ನಮ್ಮಲ್ಲೇ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ನಾವು ನಾವೇ ಕಿತ್ತಾಡಿಕೊಳ್ಳಲಿ ಅಂತಲೇ ಮಾಡಿದ್ದು.

ಇದನ್ನು ಒಪ್ಪುವುದೋ, ಮುಷ್ಕರ ಹೂಡುವುದೋ ಅಂತ ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಸಂಘದ ಸಭೆ. ನನಗೆ ಭಯವಿತ್ತು, ಸುಳ್ಳು ಹೇಳಲ್ಲ. ಡ್ರೈವರುಗಳೇ ಹೆಚ್ಚು ಜನ, ಅವರೆಲ್ಲ ನೋಡುವುದು ನಿನ್ನ ತಮ್ಮ ಲಿಯೊನ್ಸ್‌ನ ಮುಖ. ಅವನಿಗೋ ಮೊನ್ನೆ ತಾನೇ ಮಗು ಹುಟ್ಟಿದೆ, ದುಡ್ಡು ಬೇಕು. ಸಾಲದ್ದಕ್ಕೆ, ನಿಮ್ಮಪ್ಪ ಬಿಟ್ಟುಹೋದ ದೋಣಿಯನ್ನು ಅವನು ಮುಟ್ಟಬಾರದು ಅಂತ ನೀನು ಬೀಗ ಜಡಿದ ದಿನದಿಂದ ಅವನು ನನ್ನ ಜೊತೆಗೂ ಮಾತು ಬಿಟ್ಟಿದ್ದಾನೆ. ಅಣ್ಣತಮ್ಮಂದಿರ ಜಗಳದಲ್ಲಿ ಅತ್ತಿಗೆ ಬಡವಾದಳು! ಮಕ್ಕಳನ್ನು ಬಸ್ಸಿನಿಂದ ಇಳಿಸುವಾಗ ಅಡುಗೆಮನೆಯ ಕಿಟಕಿ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಪುಣ್ಯಾತ್ಮ.

ನಮ್ಮ ಸಂಘದ ಪದ್ಧತಿ ನಿನಗೆ ಗೊತ್ತಲ್ಲ, ಸಭೆಯಲ್ಲಿ ಯಾರನ್ನೇ ಆಗಲಿ ಅಕ್ಕ, ಅಣ್ಣ ಅಂತ ಸೇರಿಸಿಯೇ ಕರೆಯಬೇಕು. ಲಿಯೊನ್ಸ್ ಎದ್ದು, “ಈ ಅಡುಗೆಮನೆ ಓಡಿಲ್ ವಿಷಯ ಏನಂದ್ರೆ…” ಅಂತ ಶುರು ಮಾಡಿದ. ಅಧ್ಯಕ್ಷೆ ಅಲ್ಮಾ ನಾನು ಅಡುಗೆಮನೆಯಿಂದ ತಂದಿದ್ದ ಸೌಟಿನಿಂದಲೇ ಮೇಜು ಕುಟ್ಟಿ, “ಅಕ್ಕ ಅನ್ನಪ್ಪಾ!” ಅಂದಳು. ಅವನ ಕಿವಿ ಕೆಂಪಾಯಿತು. ಹಿಂದಿನಿಂದ ಯಾರೋ, “ಗಂಟಲಲ್ಲಿ ಮೀನುಮುಳ್ಳು ಸಿಕ್ಕೊಂಡಿದೆ, ನೀರು ಕೊಡ್ರೋ!” ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಆಮೇಲೆ, “ಓಡಿಲಕ್ಕ” ಅಂದ. ನನ್ನ ಕಡೆ ನೋಡಿಯೇ ಅಂದ. “ಸಂಬಳ ನನಗೆ ಬೇಕು, ಬೇಡ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅಕ್ಕ ಅಂದ ಬಾಯಲ್ಲೇ ‘ನೀನು ಮನೆಗೆ ಹೋಗು’ ಅನ್ನೋಕೆ ನನ್ನ ಕೈಲಾಗಲ್ಲ. ಬಸ್ಸು ನಿಲ್ಲಿಸೋಣ” ಅಂದವನು ಕೂತುಬಿಟ್ಟ. ಡ್ರೈವರುಗಳ ಕೈಗಳು ಒಂದೊಂದಾಗಿ ಮೇಲೆದ್ದವು. ನಾನು ಅತ್ತುಬಿಟ್ಟೆ, ಇನ್ನೇನು ಮಾಡಲಿ?

ಸೋಮವಾರದಿಂದ ಮುಷ್ಕರ. ಶಾಲೆಯ ಗೇಟಿನ ಮುಂದೆಯೇ ಒಲೆ ಹೂಡಿ ಎಲ್ಲರಿಗೂ ಕೋಳಿ, ಆಲೂಗಡ್ಡೆಯ ಫ್ರಿಕೊ ಸಾರು ಮಾಡುತ್ತೇನೆ, ಈರುಳ್ಳಿ ಧಾರಾಳವಾಗಿ ಹಾಕಿ. ಮಂಡಳಿಯವರು ಬೇಕಾದರೆ ಒಳಗೆ ಕೂತು ವಾಸನೆ ಕುಡಿಯಲಿ. ಎಷ್ಟು ದಿನವಾದರೂ ಆಗಲಿ, ನನ್ನ ಅಡುಗೆಮನೆ ನಾನು ಬಿಡಲ್ಲ. ನಿನ್ನ ದುಡಿಮೆಯಿಂದ ನಮ್ಮ ಮನೆ ನಡೆಯುತ್ತದೆ. ಲಿಯೊನ್ಸ್ ಮನೆಯಲ್ಲಿ ದುಡಿಯುವವನು ಅವನೊಬ್ಬನೇ, ಸೋಮವಾರದಿಂದ ಆ ಸಂಬಳವೂ ನಿಲ್ಲುತ್ತದೆ. ಅದೊಂದೇ ನನ್ನ ಚಿಂತೆ.

ಮೇರಿ ಮಾತೆ ನಿನ್ನ ಸೊಂಟವನ್ನು ಕಾಯಲಿ, ಸಿಟ್ಟನ್ನು ಮಾತ್ರ ಕಾಯದಿರಲಿ. ಕ್ಯಾಂಪಿನವರಿಗೆಲ್ಲ ನಾನು ಕೇಳಿದೆ ಅಂತ ಹೇಳು.

ನಿನ್ನವಳೇ ಆದ
ಓಡಿಲ್

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ದೋಣಿಯ ಬೀಗದಕೈ ಲಿಯೊನ್ಸ್‌ಗೆ ಕೊಟ್ಟುಬಿಟ್ಟೆ. ಮುಷ್ಕರ ಮುಗಿಯುವವರೆಗೆ ಮೀನಾದರೂ ಹಿಡಿಯಲಿ. ನಿನ್ನನ್ನು ಕೇಳಲಿಲ್ಲ, ಕೇಳುವುದೂ ಇಲ್ಲ. ಈ ಕಾಗದ ಸಿಕ್ಕ ದಿನವೇ ಅವನಿಗೆ ಫೋನ್ ಮಾಡು. ನನ್ನನ್ನು ಅಕ್ಕ ಅನ್ನಿಸೋಕೆ ಅಲ್ಮಾ ಮೇಜು ಕುಟ್ಟಬೇಕಾಯಿತು. ನಿನ್ನನ್ನು ಅಣ್ಣ ಅನ್ನೋಕೆ ಅವನಿಗೆ ಯಾರೂ ಏನೂ ಕುಟ್ಟಬೇಕಾಗಿಲ್ಲ, ನೀನು ಒಂದು ಸಲ ಕರೆದರೆ ಸಾಕು.