ಎಲಾದಿಯೊನ ಹೆಸರು ಕೂಗಿದ ಭಾನುವಾರ

ಸಾನ್ ಪೆದ್ರೊ,
ಸಕ್ಕರೆ ಕಾರ್ಖಾನೆಯ ಹೊಗೆ ಕಡಲ ಕಡೆಗೆ ವಾಲಿದ ಒಂದು ಮಧ್ಯಾಹ್ನ

ಮೋಡಗಳಿಗೆ ಚೆಂಡು ಕಳಿಸುತ್ತಿದ್ದ ನನ್ನ ಎಲಾದಿಯೊನಿಗೆ,

ಕೇಳು ಮಗನೇ! ಈ ಬೇಸ್‌ಬಾಲ್ ಮೈದಾನದ ಮೈಕಿನಲ್ಲಿ ಮೂರು ತಲೆಮಾರಿನ ಆಟಗಾರರ ಹೆಸರನ್ನು ಮೊಳಗಿಸಿದ ಮುದುಕ ಇಪೋಲಿತೊ ಬರೆಯುತ್ತಿದ್ದೇನೆ. ನೀನು ರಾಜಧಾನಿಯ ಮನೆಯಲ್ಲಿ ಕಿಟಕಿ ತೆರೆಯದೆ ಕುಳಿತಿದ್ದೀಯಂತೆ. ಯಾರ ಫೋನೂ ಎತ್ತುವುದಿಲ್ಲವಂತೆ. ಕಾಗದವನ್ನಾದರೂ ಓದೀಯೆ ಎಂಬ ಆಸೆ ನನ್ನದು.

ನಿನ್ನ ಆಟ ಈಗಲೂ ನನ್ನ ಕಣ್ಣೊಳಗೆ ಕನಸಿನಂತೆ ತೇಲುತ್ತದೆ. ಎಸೆದವನ ಕೈಯಿಂದ ಚೆಂಡು ಹೊರಟ ಮೇಲೂ ನೀನು ಕದಲುತ್ತಿರಲಿಲ್ಲ. ತಡವಾಯಿತು, ಮುಗಿಯಿತು ಎಂದು ಇಡೀ ಊರು ಉಸಿರು ಬಿಗಿಹಿಡಿದಾಗ ಆ ಮಣಿಕಟ್ಟು ಒಮ್ಮೆ ಹೊರಳುತ್ತಿತ್ತು. ಅಷ್ಟೇ! ಚೆಂಡು ಏರುತ್ತಿತ್ತು, ಏರುತ್ತಲೇ ಇರುತ್ತಿತ್ತು. ದೀಪದ ಕಂಬ ದಾಟಿ, ಕಡಲಹಕ್ಕಿಗಳ ಸಾಲು ದಾಟಿ, ಇಗ್ವಾಮೊ ನದಿಯ ಮೇಲಿನ ಬೆಳಕಿನಲ್ಲಿ ಕರಗಿಹೋಗುತ್ತಿತ್ತು. ಅದು ನೆಲಕ್ಕೆ ಬಿದ್ದದ್ದನ್ನು ನಾನು ಯಾವತ್ತೂ ನೋಡಿಲ್ಲವೇನೋ ಅನ್ನಿಸುತ್ತದೆ.

ಆಮೇಲೆ ಬಂತು ಆ ಸುದ್ದಿ. ಅಮೆರಿಕದ ದೊಡ್ಡ ಲೀಗಿನಲ್ಲಿ ಸ್ಟೆರಾಯ್ಡ್ ಚುಚ್ಚಿಸಿಕೊಂಡು ಆಡಿದೆನೆಂದು ನೀನೇ ಒಪ್ಪಿಕೊಂಡೆ. ತಪ್ಪಲ್ಲವೆಂದು ನಾನು ವಾದಿಸುವುದಿಲ್ಲ. ಔಷಧಿ ನಿನ್ನ ತೋಳಿಗೆ ಬಲ ತುಂಬಿತು, ಸರಿ. ಆ ಕಾಯುವಿಕೆ? ಆ ಕಣ್ಣು? ಅದನ್ನು ಯಾವ ಸೀಸೆಯಲ್ಲಿ ಮಾರುತ್ತಾರೆ? ಹೀಗೆ ಗುಡುಗಬೇಕೆಂದು ಬಾಯಿ ತೆರೆಯುತ್ತೇನೆ. ರುಫಿನೊನ ಮುಖ ಕಂಡೊಡನೆ ಆ ವಾದ ನನಗೇ ಸಣ್ಣದೆನಿಸುತ್ತದೆ. ಮೈಗೆ ಏನನ್ನೂ ಚುಚ್ಚಿಸಿಕೊಳ್ಳದೆ ಚೆಂಡೆಸೆದ ನಮ್ಮೂರಿನ ರುಫಿನೊ! ಅದೇ ಲೀಗಿನಲ್ಲಿ ಅವನ ಎಸೆತಗಳನ್ನು ನೀನು ಗ್ಯಾಲರಿಯಾಚೆಗೆ ಅಟ್ಟಿದ ವಾರವೇ ಅವನ ತಂಡ ಅವನನ್ನು ಮನೆಗೆ ಕಳಿಸಿತು. ಈಗ ಬಂದರಿನಲ್ಲಿ ಮೀನು ಹುರಿದು ಮಾರುತ್ತಾನೆ.

ಹೋದ ಭಾನುವಾರ ಹಳೆಯ ಆಟಗಾರರ ಪಂದ್ಯ. ನಿನ್ನನ್ನು ಕರೆದಿರಲಿಲ್ಲ. ಸಂಘದ ಅಧ್ಯಕ್ಷೆ ಮಿಲಾಗ್ರೋಸ್ ಬಂದು, “ನೋಡಿ ಇಪೋಲಿತೊ, ಆ ಹೆಸರೊಂದು ಬಾಯಿಗೆ ಬಂತೋ, ನಾಳೆಯಿಂದ ಮೈಕು ನಿಮ್ಮ ಕೈಲಿರಲ್ಲ” ಎಂದಳು. “ಆಯ್ತಮ್ಮಾ” ಎಂದೆ. ಮಾತಿಗೆ ತಪ್ಪುವ ಯೋಚನೆಯೇ ಇರಲಿಲ್ಲ. ಆದರೆ ಕೊನೆಯ ಸರದಿಯ ಹೊತ್ತಿಗೆ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತು, ಗಾಳಿ ನದಿಯ ಕಡೆಗೆ ಹೊರಳಿತು. ಅದು ನಿನ್ನ ಗಾಳಿ! ಎದೆಯಾಳದಿಂದ ತಾನಾಗಿ ಎದ್ದು ಬಂತು: “ಎ... ಲಾ... ದಿ... ಯೋ...!”

ಆಟ ಅಲ್ಲೇ ನಿಂತಿತು. ನಮ್ಮೂರ ಕಟ್ಟಳೆ ನಿನಗೆ ಗೊತ್ತು. ಹೆಸರು ಮೊಳಗಿದ ಮೇಲೆ ಆ ಹೆಸರಿಗೆ ಒಂದು ಎಸೆತವಾದರೂ ಸಲ್ಲಬೇಕು. ಅಲ್ಲಿಯವರೆಗೆ ಇನ್ನೊಬ್ಬ ಬ್ಯಾಟು ಹಿಡಿದು ಗೆರೆಯೊಳಗೆ ಕಾಲಿಡುವಂತಿಲ್ಲ. “ಏನಜ್ಜಾ, ಕೂತಲ್ಲೇ ಕನಸು ಬಿತ್ತಾ?” ಎಂದನೊಬ್ಬ. “ಎಲ್ಲಪ್ಪಾ ಸೂಜಿರಾಯ? ಡಾಕ್ಟ್ರನ್ನೂ ಕರ್ಕೊಂಡ್ ಬರ್ತಿದಾನಾ?” ಎಂದ ಇನ್ನೊಬ್ಬ. ಗೊಳ್ಳೆಂದು ನಗು. ಚೆಂಡು ಯಾರ ಕೈಯಲ್ಲಿತ್ತು ಬಲ್ಲೆಯಾ? ರುಫಿನೊನ ಕೈಯಲ್ಲಿ!

ಅವನು ನನ್ನ ಮೈಕಿನ ಗೂಡಿನ ಕಡೆ ದಿಟ್ಟಿಸಿದ. ಚೆಂಡು ಬಿಸಾಡಿ ಹೊರಟೇಹೋಗುತ್ತಾನೆ ಅಂದುಕೊಂಡೆ. “ಕೂಗಿದ್ದಾಯ್ತಲ್ಲ, ಬಾಯ್ಮುಚ್ರೋ!” ಎಂದು ಜನರ ಮೇಲೆ ಗರ್ಜಿಸಿದವನೇ, ಯಾರೂ ಇಲ್ಲದ ನಿನ್ನ ಜಾಗಕ್ಕೆ ಮೈಯೆಲ್ಲ ಬಿಲ್ಲಾಗಿಸಿ ಎಸೆದ. ಚೆಂಡು ಹಿಡಿಯುವವನ ಗವಸಿಗೆ ಬಿದ್ದ ಸದ್ದು ಕೇಳಿತು. ಆದರೆ ಎಲಾದಿಯೊ, ಗವಸಿನ ಕಡೆ ಯಾರೂ ನೋಡಲಿಲ್ಲ! ಒಂದೊಂದಾಗಿ ತಲೆಗಳು ಮೇಲೆದ್ದವು. ಗೇಲಿ ಮಾಡಿದವರ ತಲೆಗಳೂ ಎದ್ದವು. ಯಾರೂ ಹೊಡೆಯದ ಚೆಂಡೊಂದು ನದಿಯ ಕಡೆ ನಿಧಾನವಾಗಿ ತೇಲಿಹೋಗುವುದನ್ನು ಇಡೀ ಊರು ಬಾಯ್ಬಿಟ್ಟು ನೋಡಿತು. ರುಫಿನೊ ಕೂಡ ಬೆನ್ನು ತಿರುಗಿಸಿ ಆಕಾಶ ನೋಡುತ್ತ ನಿಂತಿದ್ದ.

ಮೈಕು ಹೋಯಿತು. ನೋವಿಲ್ಲ ಎಂದರೆ ನಂಬಬೇಡ. ಮರುದಿನ ರುಫಿನೊ ಬಿಸಿ ಮೀನಿನ ಪೊಟ್ಟಣ ಹಿಡಿದು ಬಂದ. “ಅವ್ನಿಗೆ ಬರೀತೀಯಲ್ಲ, ಇದನ್ನೂ ಬರಿ ಅಜ್ಜ. ನಾನೇನ್ ಕ್ಷಮಿಸಿಲ್ಲ. ಆದ್ರೆ ಬರೋಕೆ ಹೇಳು. ಮೈಯಲ್ಲಿ ಏನೂ ಇಲ್ದೆ, ಬರೀ ಅವನೇ ಬರ್ಲಿ. ಮೂರೇ ಎಸೆತ ಸಾಕು, ಔಟ್ ಮಾಡ್ತೀನಿ ನನ್ಮಗನ್ನ!” ಹಾಗೆಂದವನ ಕಣ್ಣು ಹೊಳೆಯುತ್ತಿತ್ತು.

ಬಾ ಮಗನೇ. ಹೊಡೆಯಲಿಕ್ಕಲ್ಲದಿದ್ದರೂ, ಅವನ ಕೈಯಲ್ಲಿ ಔಟಾಗಲಿಕ್ಕಾದರೂ ಬಾ.

ಮಾತೆ ಮರಿಯ ನಿನ್ನ ಹಾದಿ ಕಾಯಲಿ.

ನಿನ್ನ,
ಇಪೋಲಿತೊ