ಫ್ರೆಂಚಿನ ‘ಇ’ ಯಾರಿಗೆ?

ರೀ,

ದಾದರ್‌ಗೆ, ಅಕ್ಕನ ಮನೆಗೆ ಹೊರಟೆ. ಹುಳಿ ಸ್ಟೋವಿನ ಪಕ್ಕದಲ್ಲಿದೆ. ಬಿಸಿ ಮಾಡಿ ನಿಮ್ಮಮ್ಮನಿಗೂ ಬಡಿಸಿ. ಬೆಕ್ಕು ಬರುತ್ತದೆ, ಅಡಿಗೆಮನೆ ಕಿಟಕಿ ಹಾಕಿ.

ಸಾಂತಾಕ್ರೂಜ್ ಏರ್‌ಪೋರ್ಟಿನಲ್ಲಿ ಪ್ರಮೋಷನ್ ಸಿಗಬೇಕಾದರೆ ಫ್ರೆಂಚ್ ಬೇಕು, ಒಪ್ಪಿದೆ. ಆದರೆ ದಿನಾ ಪುಸ್ತಕ ಹಿಡಿದು ನಿಮ್ಮಿಂದ ಪಾಠ ಒಪ್ಪಿಸಿಕೊಳ್ಳುವವಳು ನಾನು, ಅದನ್ನು ಮರೆತಿರಿ. ಮೊನ್ನೆ “ಕ್ಲಾಸಲ್ಲಿ ನನ್ನ ನೆನಪು ಬರತ್ತಾ?” ಅಂತ ಕೇಳಿದ್ದಕ್ಕೆ “ಝಿ ಪಾಂಸ್, ನೆನೆಸ್ಕೋತೀನಿ” ಅಂದಿರಿ. ಪೆದ್ದಿ ನಾನು, ಇಡೀ ದಿನ ಒಬ್ಬಳೇ ನಗುತ್ತಿದ್ದೆ. ನಿನ್ನೆ ಪುಸ್ತಕದಲ್ಲಿ ಓದಿದೆ: ಆ ‘ಝಿ’ಯೊಳಗಿರುವ ‘ಇ’ ಅಂದರೆ ‘ಅದನ್ನು’ ಅಂತ, ಊರಿಗೆ, ವಸ್ತುವಿಗೆ ಮಾತ್ರವಂತೆ. ನೆನೆಯುವುದು ಹೆಂಗಸನ್ನಾದರೆ ‘ಅ ಎಲ್’, ಅಂದರೆ ‘ಅವಳನ್ನು’ ಅನ್ನಬೇಕಂತೆ.

ಇವತ್ತು ಬೆಳಿಗ್ಗೆ ಷೇವ್ ಮಾಡಿಕೊಳ್ಳುತ್ತಾ ನಿಮ್ಮ ಟೀಚರ್ ಹೆಸರಿನಲ್ಲೇ ಉರು ಹೊಡೆಯುತ್ತಿದ್ದಿರಿ: “ಮಿಸ್ ಫಿಲೋಮಿನಾ? ಝ ಪಾಂಸ್ ಅ ಎಲ್.” ಅಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ!

ಅಮ್ಮನ ಹತ್ತಿರ ನೀವು “ಅದಕ್ಕೆ ತಲೆನೋವಂತೆ, ಮಲಗಿದೆ” ಅಂತ ನನ್ನ ಬಗ್ಗೆ ಹೇಳುವಾಗಲೆಲ್ಲ ಅಕ್ಕರೆ ಅಂದುಕೊಂಡಿದ್ದೆ. ಈಗ ಫ್ರೆಂಚಿನಲ್ಲೂ ನಾನು ‘ಅದು’. ಅವಳೊಬ್ಬಳು ‘ಅವಳು’.

ನಾಳೆ ಪರೀಕ್ಷೆಗೆ ಬಿಳಿ ಷರ್ಟು ಇಸ್ತ್ರಿ ಮಾಡಿಟ್ಟಿದ್ದೇನೆ. ಗುಂಡಿಯನ್ನೂ ಹೊಲಿದಿದ್ದೇನೆ. ಯಾರು ನೋಡಿ ಮೆಚ್ಚಲಿ ಅಂತಲೋ!

ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ. ಬಾಗಿಲು ತೆಗೆದಾಗ ಒಳಗಿಂದ ಅಮ್ಮ “ಯಾರೋ?” ಅಂತ ಕೇಳುತ್ತಾರೆ. “ಬಂತು” ಅನ್ನಬೇಡಿ. “ಬಂದಳು” ಅನ್ನಿ.

ಪುಟ್ಟಲಕ್ಷ್ಮಿ