ಮತ್ತೆ ಮಲಗಿದ ಮಖಮಲ್ಲು

ವೆನಿಸ್, ತಪಸ್ಸುಕಾಲ

ವಂದನೀಯ ದೋನ್ ಆಲ್ವೀಸೆ ಗುರುಗಳಿಗೆ,

ಹೆರಿಗೆಯಲ್ಲಿ ತೀರಿಕೊಂಡ ನನ್ನ ಮಗಳು ಫಿಯೊರೆಂಜಾಳ ನೇರಳೆ ಮಖಮಲ್ಲಿನ ಮದುವೆಯ ನಿಲುವಂಗಿಯನ್ನು ವಾಡಿಕೆಯಂತೆ ಚರ್ಚಿಗೆ ಕೊಟ್ಟೆವು. ಅದನ್ನು ಬಿಚ್ಚಿ ಹೊಲಿದ ಪೂಜಾವಸ್ತ್ರ ನಿಮಗೆ ಚೆನ್ನಾಗಿ ಒಪ್ಪುತ್ತದೆ.

ಆದರೆ ಪೂಜಾವಸ್ತ್ರಗಳನ್ನು ನೋಡಿಕೊಳ್ಳುವ ನಿಮ್ಮ ಮೆನೆಗೊ ನಿನ್ನೆ ಸೇತುವೆಯ ಮೇಲೆ ನನ್ನನ್ನು ತಡೆದು ರೇಗಿದ. "ಏನಮ್ಮಾ, ಒಳ್ಳೇ ಬಟ್ಟೆ ಕೊಟ್ರಿ ನೀವು! ಬೆನ್ನಿನ ಕೆಳಗೆ ಮಖಮಲ್ಲು ನವಿರು ಒತ್ತಿಕೊಂಡು ಮಲಗೇಬಿಡುತ್ತೆ. ಶನಿವಾರ ಹಬೆ ಹಿಡಿದು ಎಬ್ಬಿಸಿ ಪೆಟ್ಟಿಗೇಲಿ ಇಡ್ತೀನಿ, ಭಾನುವಾರ ಪೆಟ್ಟಿಗೆ ತೆಗೆದ್ರೆ ಯಾರೋ ಕೂತೆದ್ದ ಹಾಗಿರುತ್ತೆ. ಹೊಲಿಗೆಗೆ ಬರೋ ಆ ಸಿಸ್ಟರ್ ಪೆರಿನಾನೇ ಅದರ ಮೇಲೆ ಕೂತು ತೂಕಡಿಸ್ತಾಳೆ, ಇನ್ಯಾರು?" ಎಂದ.

ಸಿಸ್ಟರನ್ನು ಬೈಯಬೇಡಿ. ಭಾನುವಾರದ ಬಲಿಪೂಜೆಯಲ್ಲಿ ನೀವು ಪೀಠದ ಕಡೆ ತಿರುಗಿದಾಗ ನಾನೂ ಆ ಗುರುತನ್ನು ನೋಡುತ್ತೇನೆ. ಅದು ನಿಲುವಂಗಿಯ ಹಿಂಭಾಗದ ಬಟ್ಟೆ. ನನ್ನ ಮಗಳು ಬಸುರಿಯಾದಾಗಲೂ ಸೊಂಟದ ಹೊಲಿಗೆ ಬಿಚ್ಚಿಸಿ ಅದನ್ನೇ ತೊಡುತ್ತಿದ್ದಳು. ಕಡೆಕಡೆಗೆ ಕಾಲು ಬಾತು ನಿಲ್ಲಲಾಗದೆ ಕೂತೇ ಇರುತ್ತಿದ್ದಳು.

ಈ ಪತ್ರ ತರುವ ಅಂಬಿಗನ ಕೈಯಲ್ಲಿ ಅವಳ ಗಿಡ್ಡ ಕುರ್ಚಿಯನ್ನೂ ಕಳಿಸಿದ್ದೇನೆ. ನಮ್ಮಲ್ಲಿ ಅದರ ಮೇಲೆ ಧೂಳು ಕೂತಿದೆ, ತೀರಿಕೊಂಡ ಮೇಲೆ ಅವಳು ಈ ಕಡೆ ಬಂದೇ ಇಲ್ಲ. ದಯವಿಟ್ಟು ಪೆಟ್ಟಿಗೆಯ ಪಕ್ಕದಲ್ಲಿ ಇಡಿಸಿ. ಬೇರೆ ಯಾರೂ ಅದರಲ್ಲಿ ಕೂರದಿರಲಿ. ದಿನ ತುಂಬಿದ ಹುಡುಗಿ, ಎಷ್ಟು ಹೊತ್ತು ನಿಂತಾಳು?

ನಿಮ್ಮ ಆಶೀರ್ವಾದ ಬೇಡುವ,
ಓರ್ಸೆತ್ತ